ಪೊರೆಯನ್ನು ಒಡೆಯುವ ಅಣು, ಪೊರೆಯನ್ನು ಆರಿಸುವ ಅಣು

ಹೊರಗಿನಿಂದ ಬರುವ ಯಾವುದೇ ವಸ್ತು, ಅದು ವಿಷವಾಗಿರಲಿ ಔಷಧವಾಗಿರಲಿ, ಜೀವಕೋಶದಲ್ಲಿ ಮೊದಲು ಮುಟ್ಟುವುದು ಆ ಕೋಶವನ್ನು ಸುತ್ತುವರಿದಿರುವ ತೆಳುವಾದ ಪೊರೆಯನ್ನು. ಆದ್ದರಿಂದಲೇ ಪ್ರಾಣಿಗಳು ತಮ್ಮ ರಕ್ಷಣೆಗೆಂದೋ ಬೇಟೆಗೆಂದೋ ತಯಾರಿಸಿಕೊಳ್ಳುವ ನೈಸರ್ಗಿಕ ಸಂಯುಕ್ತಗಳಲ್ಲಿ ಹಲವು ಕೋಶದ ಒಳಗೆ ಇಳಿಯುವ ಗೋಜಿಗೇ ಹೋಗದೆ ಪೊರೆಯ ಮೇಲೆಯೇ ತಮ್ಮ ಕೆಲಸವನ್ನು ಮುಗಿಸುತ್ತವೆ. ಬಂಡೆಗೆ ಅಂಟಿಕೊಂಡು ಅಥವಾ ಮರಳಿನ ಮೇಲೆ ತೆವಳಿಕೊಂಡು ಬದುಕುವ, ಓಡಿ ಪಾರಾಗಲಾರದ ಕಡಲ ಪ್ರಾಣಿಗಳಲ್ಲಿ ಇಂಥ ರಾಸಾಯನಿಕ ಆಯುಧಗಳು ವಿಪುಲವಾಗಿರುವುದರಿಂದ ಇಂಥ ಅಣುಗಳು ಪೊರೆಯ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬ ಪ್ರಶ್ನೆಯ ಕುರಿತ ವಿದ್ವತ್ ಸಾಹಿತ್ಯದ ದೊಡ್ಡ ಭಾಗ ಸ್ಪಂಜುಪ್ರಾಣಿ, ಕಡಲಸೌತೆ, ಕಡಲ ಅನಿಮೋನ್ ಮುಂತಾದವುಗಳ ಸುತ್ತಲೇ ಬೆಳೆದು ಬಂದಿದೆ. ಆದರೆ ಕಡಲಿನಿಂದ ಬಹುದೂರದಲ್ಲಿರುವ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನೋಡಿದರೂ ಇದೇ ಪ್ರಶ್ನೆಯ ಎಲ್ಲ ಮುಖ್ಯ ಮುಖಗಳೂ ಎದುರಾಗುತ್ತವೆ. ಬಿಳಿಗಿರಿರಂಗನ ಬೆಟ್ಟದ ಹೆಜ್ಜೇನು, ಅಲ್ಲಿನ ಬುಡಕಟ್ಟು ಜನರಾದ ಸೋಲಿಗರು ಕಾಡಿನಿಂದ ತರುವ ಸೀಗೆಕಾಯಿ ಮತ್ತು ಅಂಟುವಾಳ, ಕೊಳ್ಳೇಗಾಲದ ಹೆಸರಿನೊಂದಿಗೇ ಸೇರಿಹೋಗಿರುವ ರೇಷ್ಮೆಹುಳು, ಹೊಲಗದ್ದೆಗಳ ನಾಗರಹಾವು ಮತ್ತು ಕೊಳಕುಮಂಡಲ, ಇವೆಲ್ಲವೂ ಕೋಶಪೊರೆಯ ಮೇಲೆ ನಡೆಸುವ ರಸಾಯನಕ್ರಿಯೆಗಳಿಗೆ ಕಡಲಿನಲ್ಲಿ ಒಂದೊಂದು ಜೋಡಿ ದೊರೆಯುತ್ತದೆ. ಹೀಗೆ ಜೋಡಿಸಿ ನೋಡಿದಾಗ ತಿಳಿದುಬರುವ ಮುಖ್ಯ ಸಂಗತಿಯೆಂದರೆ, ಒಂದು ಅಣು ಪೊರೆಯನ್ನು ಎಷ್ಟು ಬಲವಾಗಿ ಒಡೆಯುತ್ತದೆ ಎಂಬುದಕ್ಕಿಂತ ಯಾವ ಪೊರೆಯನ್ನು ಒಡೆಯದೆ ಬಿಡುತ್ತದೆ ಎಂಬುದೇ ಹೆಚ್ಚು ಮಹತ್ತ್ವದ್ದು; ವಿಷ ಮತ್ತು ಔಷಧಗಳ ನಡುವಿನ ಗೆರೆ ಬೀಳುವುದು ಅಲ್ಲಿಯೇ.

ಪೊರೆಯ ರಚನೆಯನ್ನು ಸ್ವಲ್ಪ ವಿವರವಾಗಿ ತಿಳಿಯದೆ ಮುಂದಿನ ಮಾತುಗಳು ಸ್ಪಷ್ಟವಾಗಲಾರವು. ಫಾಸ್ಫೋಲಿಪಿಡ್ ಎಂಬುದು ಕೊಬ್ಬಿನ ಜಾತಿಗೆ ಸೇರಿದ ಅಣು. ಅದಕ್ಕೆ ನೀರನ್ನು ಬಯಸುವ ಒಂದು ತಲೆಯೂ ನೀರನ್ನು ಒಲ್ಲದ ಎರಡು ಉದ್ದನೆಯ ಬಾಲಗಳೂ ಇರುತ್ತವೆ. ಇಂಥ ಅಣುಗಳು ನೀರಿನಲ್ಲಿ ತಾವಾಗಿಯೇ ಎರಡು ಪದರಗಳಾಗಿ, ಬಾಲಗಳನ್ನು ಒಳಮುಖವಾಗಿಯೂ ತಲೆಗಳನ್ನು ಹೊರಮುಖವಾಗಿಯೂ ಇಟ್ಟುಕೊಂಡು ನಿಲ್ಲುತ್ತವೆ. ಕೆಂಪು ರಕ್ತಕಣಗಳಿಂದ ತೆಗೆದ ಲಿಪಿಡ್‌ಗಳನ್ನು ನೀರಿನ ಮೇಲೆ ಹರಡಿ ಅಳೆದು ಪೊರೆಯಲ್ಲಿ ಎರಡು ಪದರಗಳಿವೆಯೆಂದು ಗೋರ್ಟರ್ ಮತ್ತು ಗ್ರೆಂಡೆಲ್ 1925ರಲ್ಲಿ ಸೂಚಿಸಿದರು. ಈ ಪದರಗಳು ಗಟ್ಟಿಯಾದ ಗೋಡೆಯಲ್ಲ, ಪ್ರೋಟೀನುಗಳು ತೇಲಾಡುವ ದ್ರವದಂಥ ಹಾಳೆ ಎಂಬ ಇಂದಿನ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟರು. ಲಿಪಿಡ್ ಪದರದ ದಪ್ಪ ಸುಮಾರು 5 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಎರಡು ಲಕ್ಷದ ಒಂದು ಭಾಗ ಮಾತ್ರ.

ಎಲ್ಲ ಜೀವಿಗಳ ಪೊರೆಯ ವಿನ್ಯಾಸ ಒಂದೇ ಆದರೂ ಅದರಲ್ಲಿ ಬಳಕೆಯಾಗುವ ಲಿಪಿಡ್‌ಗಳು ಒಂದೇ ಅಲ್ಲ. ಮನುಷ್ಯನ ಕೆಂಪು ರಕ್ತಕಣದ ಪೊರೆಯ ಹೊರಪದರದಲ್ಲಿ ಮುಖ್ಯವಾಗಿ ಫಾಸ್ಫಟಿಡೈಲ್‌ಕೋಲಿನ್ ಮತ್ತು ಸ್ಫಿಂಗೋಮೈಲಿನ್ ಎಂಬ, ಒಟ್ಟಿನಲ್ಲಿ ವಿದ್ಯುದಂಶವಿಲ್ಲದ ಲಿಪಿಡ್‌ಗಳಿರುತ್ತವೆ. ಋಣ ವಿದ್ಯುದಂಶವುಳ್ಳ ಫಾಸ್ಫಟಿಡೈಲ್‌ಸೆರಿನ್ ಒಳಪದರದಲ್ಲಿ ಅಡಗಿರುತ್ತದೆ. ಬ್ಯಾಕ್ಟೀರಿಯಾಗಳ ಹೊರಮೈಯಾದರೋ ಋಣ ವಿದ್ಯುದಂಶದಿಂದ ತುಂಬಿರುತ್ತದೆ. ಪ್ರಾಣಿಗಳ ಪೊರೆಯಲ್ಲಿ ಕೊಲೆಸ್ಟರಾಲ್, ಶಿಲೀಂಧ್ರಗಳಲ್ಲಿ ಎರ್ಗೋಸ್ಟರಾಲ್, ಸಸ್ಯಗಳಲ್ಲಿ ಸಿಟೋಸ್ಟರಾಲ್ ಮುಂತಾದವು ಎಂದು ಸ್ಟೆರಾಲುಗಳ ಹಂಚಿಕೆಯೂ ಬೇರೆ ಬೇರೆ. ಹೆಚ್ಚಿನ ಬ್ಯಾಕ್ಟೀರಿಯಾಗಳಲ್ಲಿ ಸ್ಟೆರಾಲೇ ಇಲ್ಲ. ಈ ಎರಡು ವ್ಯತ್ಯಾಸಗಳು, ಅಂದರೆ ಹೊರಮೈಯ ವಿದ್ಯುದಂಶ ಮತ್ತು ಸ್ಟೆರಾಲಿನ ಬಗೆ, ಮುಂದೆ ಬರುವ ಬಹುತೇಕ ಸಂಯುಕ್ತಗಳು ಗುರುತು ಹಿಡಿಯಲು ನೆಚ್ಚಿಕೊಂಡಿರುವ ಆಧಾರಗಳಾಗಿವೆ.

ಸ್ಟೆರಾಲನ್ನು ಗುರಿಯಾಗಿಸಿಕೊಂಡ ಸಂಯುಕ್ತಗಳಲ್ಲಿ ಸಪೋನಿನ್‌ಗಳು ಎಲ್ಲಕ್ಕಿಂತ ಹೆಚ್ಚು ಪರಿಚಿತವಾದವು. ಸಕ್ಕರೆಯ ಸರಪಣಿಗೆ ನೀರೊಲ್ಲದ ದೊಡ್ಡ ತುಂಡೊಂದು ಅಂಟಿಕೊಂಡಿರುವ, ನೀರಿನಲ್ಲಿ ಕಲಕಿದರೆ ನೊರೆಯೇಳುವ ಈ ಅಣುಗಳು ಸೀಗೆಕಾಯಿ ಮತ್ತು ಅಂಟುವಾಳಗಳ ಸತ್ತ್ವ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ, ಕಲ್ಲುಹೂಗಳ ಜೊತೆಗೆ ಇವನ್ನೂ ಸಂಗ್ರಹಿಸಿ ಬುಡಕಟ್ಟು ಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಕೊಡುತ್ತ ಬಂದಿದ್ದಾರೆ. ತಲೆಯ ಜಿಡ್ಡನ್ನು ತೊಳೆಯುವ ಗುಣವೇ ಪೊರೆಯ ಮೇಲೆ ಬೇರೊಂದು ರೂಪ ತಾಳುತ್ತದೆ: ಸಪೋನಿನ್ ಅಣು ಪೊರೆಯ ಹೊರಪದರಕ್ಕೆ ನುಗ್ಗಿ, ಅಲ್ಲಿರುವ ಕೊಲೆಸ್ಟರಾಲಿನೊಂದಿಗೆ ಕೂಡಿ ಗುಂಪುಗಟ್ಟುತ್ತದೆ, ಆ ಗುಂಪುಗಳು ಬೆಳೆದ ಹಾಗೆಲ್ಲ ಪದರ ಬಾಗಿ ತೂತು ಬೀಳುತ್ತದೆ, ರಕ್ತಕಣವಾಗಿದ್ದರೆ ಅದರ ಹೀಮೋಗ್ಲೋಬಿನ್ ಹೊರಗೆ ಸೋರಿಹೋಗುತ್ತದೆ. ಕಾರೆ ಗಿಡದ ಕಾಯಿಯನ್ನು ಜಜ್ಜಿ ನೀರಿಗೆ ಹಾಕಿ ಮೀನಿಗೆ ಮತ್ತು ಬರಿಸಿ ಹಿಡಿಯುವ ರೂಢಿ ಭಾರತದ ಹಲವೆಡೆ ದಾಖಲಾಗಿದ್ದು, ಅದರ ಹಿಂದಿರುವುದೂ ಸಪೋನಿನ್ನೇ. ಮೀನಿನ ಕಿವಿರುಗಳ ತೆಳುವಾದ ಪೊರೆಗೆ ಅದು ನೇರವಾಗಿ ತಗಲುತ್ತದೆ; ಹಾಗೆ ಹಿಡಿದ ಮೀನನ್ನು ತಿಂದವರಿಗೆ ಸಾಮಾನ್ಯವಾಗಿ ತೊಂದರೆಯಾಗದಿರುವುದಕ್ಕೆ ಕಾರಣ, ಮನುಷ್ಯನ ಕರುಳು ಸಪೋನಿನ್ನನ್ನು ರಕ್ತಕ್ಕೆ ಅತಿ ಕಡಿಮೆ ಪ್ರಮಾಣದಲ್ಲಿ ಮಾತ್ರ ಹೀರಿಕೊಳ್ಳುವುದು.

ಪೆಸಿಫಿಕ್ ಸಾಗರದ ದ್ವೀಪವಾಸಿಗಳು ಇದೇ ಕೆಲಸಕ್ಕೆ ಕಡಲಸೌತೆಯನ್ನು ಬಳಸುತ್ತಿದ್ದರು. ಸೌತೆಕಾಯಿಯ ಆಕಾರದ, ಮೃದುವಾದ ಮೈಯ ಈ ಪ್ರಾಣಿಯಿಂದ ತೆಗೆದ ವಿಷಕ್ಕೆ 1950ರ ದಶಕದ ಆರಂಭದಲ್ಲಿ ರಾಸ್ ನಿಗ್ರೆಲ್ಲಿ ಹೋಲೋಥುರಿನ್ ಎಂದು ಹೆಸರಿಟ್ಟರು. ಅದು ಸಪೋನಿನ್ ಎಂದು ತಿಳಿದಾಗ, ಅಲ್ಲಿಯವರೆಗೆ ಸಸ್ಯಗಳಿಗೇ ಮೀಸಲೆಂದು ಭಾವಿಸಿದ್ದ ಒಂದು ವರ್ಗದ ರಾಸಾಯನಿಕವನ್ನು ಪ್ರಾಣಿಯೂ ತಯಾರಿಸುತ್ತದೆಂಬುದು ಸ್ಪಷ್ಟವಾಯಿತು. ಅಂಟುವಾಳದ ಮರಕ್ಕೂ ಕಡಲಸೌತೆಗೂ ವಂಶದ ನಂಟು ಅತಿ ದೂರದ್ದು. ಎರಡೂ ಪ್ರತ್ಯೇಕವಾಗಿ ಒಂದೇ ಉಪಾಯಕ್ಕೆ ಬಂದು ಮುಟ್ಟಿರುವುದಕ್ಕೆ ಕಾರಣ, ಎರಡರ ಶತ್ರುಗಳ ಪೊರೆಯಲ್ಲೂ ಸ್ಟೆರಾಲ್ ಇರುವುದು. ಇಲ್ಲಿ ಒಂದು ತೊಡಕು ಎದುರಾಗುತ್ತದೆ: ಕಡಲಸೌತೆಯೂ ಪ್ರಾಣಿಯೇ ಆಗಿರುವಾಗ ಅದರ ವಿಷ ಅದರದ್ದೇ ಕೋಶಗಳನ್ನು ಯಾಕೆ ಕರಗಿಸುವುದಿಲ್ಲ? ಅದರ ಪೊರೆಗಳಲ್ಲಿ ಸಾಮಾನ್ಯ ಕೊಲೆಸ್ಟರಾಲ್ ಕಡಿಮೆಯಿದ್ದು, ಜೋಡಿಬಂಧದ ಸ್ಥಾನ ಪಲ್ಲಟಗೊಂಡಿರುವ ಸ್ಟೆರಾಲುಗಳೂ ಸಲ್ಫೇಟ್ ಅಥವಾ ಸಕ್ಕರೆ ಅಂಟಿಕೊಂಡ ಸ್ಟೆರಾಲುಗಳೂ ಅದರ ಜಾಗವನ್ನು ತುಂಬಿರುತ್ತವೆ. ಇವುಗಳಿಗೆ ಹೋಲೋಥುರಿನ್ ಸರಿಯಾಗಿ ಕೂಡಿಕೊಳ್ಳಲಾರದು. ವಿಷವನ್ನು ತಯಾರಿಸುವ ಪ್ರಾಣಿ ತನ್ನ ಪೊರೆಯನ್ನೇ ತಿದ್ದಿಕೊಂಡಿರುವ ಈ ಸಂಗತಿಗೆ, ಪೊರೆ ಮತ್ತು ವಿಷಗಳ ಸಂಬಂಧವನ್ನು ಕುರಿತ ಚರ್ಚೆಯಲ್ಲಿ ಈಗ ಸಿಗುತ್ತಿರುವುದಕ್ಕಿಂತ ಹೆಚ್ಚಿನ ಸ್ಥಾನ ಸಿಗಬೇಕಾಗಿದೆ.

ಸ್ಟೆರಾಲಿನ ಹಂಗಿಲ್ಲದೆ, ಬರಿಯ ಆಕಾರ ಮತ್ತು ವಿದ್ಯುದಂಶಗಳ ಬಲದಿಂದಲೇ ಪೊರೆಯನ್ನು ಮುರಿಯುವ ಇನ್ನೊಂದು ವರ್ಗವಿದೆ. ಅಮೈನೋ ಆಮ್ಲಗಳ ಚಿಕ್ಕ ಸರಪಣಿಗಳಾದ ಪೆಪ್ಟೈಡುಗಳು ಇವು. ಜೇನುನೊಣದ ವಿಷದಲ್ಲಿರುವ ಮೆಲಿಟಿನ್ ಇವುಗಳಲ್ಲಿ ಅತ್ಯಂತ ವಿವರವಾಗಿ ಅಧ್ಯಯನಗೊಂಡಿರುವುದು. 26 ಅಮೈನೋ ಆಮ್ಲಗಳ ಈ ಪೆಪ್ಟೈಡ್ ಒಣಗಿದ ವಿಷದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿರುತ್ತದೆ. ನೀರಿನಲ್ಲಿ ಸಡಿಲವಾಗಿರುವ ಸರಪಣಿ ಪೊರೆಗೆ ತಗುಲಿದೊಡನೆ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯ ಒಂದು ಮಗ್ಗುಲು ನೀರನ್ನು ಬಯಸುವುದು, ಇನ್ನೊಂದು ಮಗ್ಗುಲು ಕೊಬ್ಬನ್ನು ಬಯಸುವುದು, ಹೀಗಾಗಿ ಅದು ಪದರದ ಮೇಲ್ಮೈಯಲ್ಲಿ ಅರ್ಧ ಮುಳುಗಿ ಮಲಗಿ, ಮರದ ಸೀಳಿಗೆ ಹೊಡೆದ ಬೆಣೆಯ ಹಾಗೆ ಲಿಪಿಡ್ ತಲೆಗಳನ್ನು ಅಗಲಿಸುತ್ತದೆ. ಸಾಕಷ್ಟು ಅಣುಗಳು ಕೂಡಿಕೊಂಡಾಗ ಪದರವೇ ಒಳಕ್ಕೆ ಬಾಗಿ ಪೆಪ್ಟೈಡು ಮತ್ತು ಲಿಪಿಡ್‌ಗಳೆರಡರಿಂದಲೂ ಅಂಚುಕಟ್ಟಿದ ರಂಧ್ರವಾಗುತ್ತದೆ. ಮೆಲಿಟಿನ್ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ರಕ್ತಕಣವನ್ನೂ ಒಡೆಯುತ್ತದೆ. ಯಾವುದನ್ನೂ ಬಿಡದಿರುವುದೇ ಅದರ ಲಕ್ಷಣ. ನೋವನ್ನುಂಟುಮಾಡಿ ಶತ್ರುವನ್ನು ಅಟ್ಟಬೇಕಾದ ಜೇನುನೊಣಕ್ಕೆ ಅಷ್ಟು ಸಾಕು, ಆಯ್ಕೆಯ ಅಗತ್ಯ ಅದಕ್ಕಿಲ್ಲ.

ಎತ್ತರದ ಮರಗಳ ಕೊಂಬೆಗಳಲ್ಲಿಯೂ ಬಂಡೆಗಳ ಕಮರಿಯಲ್ಲಿಯೂ ತೆರೆದ ಹುಟ್ಟು ಕಟ್ಟುವ ಹೆಜ್ಜೇನು ಗುಂಪಾಗಿ ಎರಗುವ ಸ್ವಭಾವದ್ದಾದ್ದರಿಂದ, ಹೊಗೆ ಹಾಕಿ ರಾತ್ರಿಯ ವೇಳೆ ಜೇನು ಇಳಿಸುವ ಸೋಲಿಗರ ಕೌಶಲದ ಒಂದು ಭಾಗ ಈ ವಿಷದಿಂದ ತಪ್ಪಿಸಿಕೊಳ್ಳುವ ಜ್ಞಾನವೇ ಆಗಿದೆ. ಒಂದೆರಡು ಕಡಿತದ ನೋವು ಬೇಗ ಇಳಿಯುತ್ತದೆ, ಆದರೆ ನೂರಾರು ನೊಣಗಳು ಕಡಿದಾಗ ಮೆಲಿಟಿನ್ ಮತ್ತು ಅದರ ಜೊತೆಗಿರುವ ಫಾಸ್ಫೋಲೈಪೇಸ್ ಕಿಣ್ವ ಸೇರಿ ರಕ್ತಕಣಗಳನ್ನೂ ಸ್ನಾಯುವಿನ ಕೋಶಗಳನ್ನೂ ಒಡೆಯುತ್ತವೆ, ಅವುಗಳಿಂದ ಹೊರಬಿದ್ದ ವಸ್ತುಗಳು ಮೂತ್ರಪಿಂಡದಲ್ಲಿ ಕಟ್ಟಿಕೊಂಡು ಅದು ಕೆಲಸ ನಿಲ್ಲಿಸಬಹುದು. ಇಷ್ಟು ಕ್ರೂರವಾದ ವಸ್ತುವನ್ನು ಜೇನುನೊಣ ತನ್ನ ಗ್ರಂಥಿಯಲ್ಲಿ ಇಟ್ಟುಕೊಳ್ಳುವ ಬಗೆ ಕಡಲಸೌತೆಯದಕ್ಕಿಂತ ಬೇರೆ: ಮೆಲಿಟಿನ್ ಮೊದಲು ಋಣ ವಿದ್ಯುದಂಶದ ತುಂಡೊಂದನ್ನು ತಲೆಗೆ ಕಟ್ಟಿಕೊಂಡ ನಿಷ್ಕ್ರಿಯ ರೂಪದಲ್ಲಿ ತಯಾರಾಗುತ್ತದೆ, ವಿಷದ ಚೀಲವನ್ನು ಸೇರುವಾಗ ಕಿಣ್ವವೊಂದು ಆ ತುಂಡನ್ನು ಎರಡೆರಡು ಅಮೈನೋ ಆಮ್ಲಗಳಂತೆ ಕತ್ತರಿಸಿಹಾಕುತ್ತದೆ.

ಕಡಲ ಅನಿಮೋನುಗಳ ವಿಷಗಳು ಇದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿವೆ. ಈಕ್ವಿನಾಟಾಕ್ಸಿನ್, ಸ್ಟಿಕೋಲೈಸಿನ್ ಮುಂತಾದ ಆ ಪ್ರೋಟೀನುಗಳು ಮೆಲಿಟಿನ್‌ನಂತೆ ಸಿಕ್ಕ ಪೊರೆಗೆಲ್ಲ ನುಗ್ಗದೆ ಸ್ಫಿಂಗೋಮೈಲಿನ್ ಇರುವ ಪೊರೆಯನ್ನು ಆರಿಸಿ ಅಂಟಿಕೊಳ್ಳುತ್ತವೆ, ಹಲವು ಅಣುಗಳು ವೃತ್ತಾಕಾರವಾಗಿ ಜೋಡಿಸಿಕೊಂಡು ತಮ್ಮ ಸುರುಳಿಯ ತುದಿಗಳನ್ನು ಪದರದೊಳಕ್ಕೆ ಇಳಿಸುತ್ತವೆ.

ಪೆಪ್ಟೈಡುಗಳ ಲೋಕದಲ್ಲಿ ನಿಜವಾದ ಆಯ್ಕೆಯ ಶಕ್ತಿ ಎಂಥದ್ದು ಎಂಬುದನ್ನು ತಿಳಿಯಲು ರೇಷ್ಮೆಯ ಹುಳುವಿನ ಕಡೆಗೆ ಬರಬೇಕು. ಕೊಳ್ಳೇಗಾಲದ ನೇಕಾರಿಕೆಗೂ ಸುತ್ತಲಿನ ಹಿಪ್ಪುನೇರಳೆ ತೋಟಗಳಿಗೂ ಆಧಾರವಾಗಿರುವ ಈ ಹುಳುವನ್ನು ಸಾಕುವವರಿಗೆ ಸಪ್ಪೆರೋಗ, ಹಾಲುತೊಂಡೆ, ಸುಣ್ಣಕಟ್ಟು, ಗಂಟುರೋಗ ಎಂಬ ಹೆಸರುಗಳು ಚೆನ್ನಾಗಿ ಗೊತ್ತು. ಚಾಕಿ ಕಟ್ಟುವಾಗಿನಿಂದ ಹಣ್ಣಾದ ಹುಳು ಚಂದ್ರಿಕೆಗೆ ಏರುವವರೆಗೆ ಅವರ ಶ್ರಮದ ದೊಡ್ಡ ಪಾಲು ಸೋಂಕನ್ನು ದೂರವಿಡುವುದಕ್ಕೇ ಹೋಗುತ್ತದೆ. ಮನುಷ್ಯನ ರಕ್ತದಲ್ಲಿರುವಂಥ ಪ್ರತಿಕಾಯಗಳು ಕೀಟಗಳಿಗಿಲ್ಲ. ಹಾಗಿದ್ದರೂ ಕೀಟಗಳು ಬ್ಯಾಕ್ಟೀರಿಯಾವನ್ನು ಎದುರಿಸುವುದು ಹೇಗೆಂಬ ಪ್ರಶ್ನೆಗೆ ಸ್ವೀಡನ್ನಿನ ಹ್ಯಾನ್ಸ್ ಬೋಮನ್ ಮತ್ತು ಸಂಗಡಿಗರು 1981ರಲ್ಲಿ ಉತ್ತರ ಕೊಟ್ಟರು: ಉತ್ತರ ಅಮೆರಿಕದ ಕಾಡುರೇಷ್ಮೆ ಪತಂಗವಾದ ಸೆಕ್ರೋಪಿಯಾದ ಕೋಶಾವಸ್ಥೆಯ ಹುಳುವಿಗೆ ಬ್ಯಾಕ್ಟೀರಿಯಾವನ್ನು ಚುಚ್ಚಿದಾಗ ಅದರ ರಕ್ತದಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಪೆಪ್ಟೈಡುಗಳನ್ನು ಅವರು ಬೇರ್ಪಡಿಸಿ, ಅವಕ್ಕೆ ಸೆಕ್ರೋಪಿನ್ ಎಂದು ಹೆಸರಿಟ್ಟರು. ಹಿಪ್ಪುನೇರಳೆ ರೇಷ್ಮೆಹುಳುವಿನಲ್ಲಿಯೂ ಸೆಕ್ರೋಪಿನ್‌ಗಳು ದೊರೆತವು. ಆ ಹುಳುವಿನದೇ ವಿಶಿಷ್ಟವಾದ, 42 ಅಮೈನೋ ಆಮ್ಲಗಳ ಮೋರಿಸಿನ್ 1995ರಲ್ಲಿ ವರದಿಯಾಯಿತು.

ಸೆಕ್ರೋಪಿನ್ ಸಹ ಧನ ವಿದ್ಯುದಂಶದಿಂದ ಕೂಡಿದ, ಎರಡು ಮಗ್ಗುಲಿನ ಸುರುಳಿಯೇ. ಮೇಲುನೋಟಕ್ಕೆ ಮೆಲಿಟಿನ್ನಿನ ಅಣ್ಣತಮ್ಮ. ಆದರೆ ಅದು ಬ್ಯಾಕ್ಟೀರಿಯಾದ ಋಣ ವಿದ್ಯುದಂಶದ ಹೊರಮೈಯನ್ನು ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತದೆ, ವಿದ್ಯುದಂಶವಿಲ್ಲದ, ಕೊಲೆಸ್ಟರಾಲಿನಿಂದ ಬಿಗಿಯಾದ ರಕ್ತಕಣದ ಪೊರೆಯನ್ನು ಬಹುಮಟ್ಟಿಗೆ ಮುಟ್ಟದೆ ಬಿಡುತ್ತದೆ. ಇದು ಪೊರೆಯ ಮೇಲಿನ ನೇರ ಕ್ರಿಯೆಯೋ, ಅಥವಾ ಬ್ಯಾಕ್ಟೀರಿಯಾದ ಯಾವುದೋ ಪ್ರೋಟೀನಿಗೆ ಬೀಗಕ್ಕೆ ಕೀಲಿಯಂತೆ ಕೂಡಿಕೊಳ್ಳುವ ಕ್ರಿಯೆಯೋ ಎಂಬ ಸಂದೇಹವನ್ನು ಪರಿಹರಿಸಿದ ಪ್ರಯೋಗ ಈ ಇಡೀ ಕ್ಷೇತ್ರದಲ್ಲಿಯೇ ಅತ್ಯಂತ ಸುಂದರವಾದವುಗಳಲ್ಲೊಂದು. ಪ್ರೋಟೀನುಗಳಲ್ಲಿರುವ ಅಮೈನೋ ಆಮ್ಲಗಳು ಬಹುತೇಕ ಎಡಮುರಿಯವು. ಕನ್ನಡಿಯ ಬಿಂಬದಂತಿರುವ ಬಲಮುರಿ ಅಮೈನೋ ಆಮ್ಲಗಳಿಂದಲೇ ಪೂರ್ತಿ ಪೆಪ್ಟೈಡನ್ನು ಕಟ್ಟಿದರೆ ಅದು ಯಾವ ಪ್ರೋಟೀನಿಗೂ ಸರಿಯಾಗಿ ಕೂಡಿಕೊಳ್ಳಲಾರದು. ಪೆಪ್ಟೈಡುಗಳ ಕೃತಕ ರಚನೆಗಾಗಿ 1984ರಲ್ಲಿ ನೊಬೆಲ್ ಪಡೆದ ಮೆರಿಫೀಲ್ಡ್ ಅವರ ತಂಡ ಸೆಕ್ರೋಪಿನ್, ಮೆಲಿಟಿನ್ ಮತ್ತು ಕಪ್ಪೆಯ ಮಗೈನಿನ್‌ಗಳ ಇಂಥ ಬಲಮುರಿ ಬಿಂಬಗಳನ್ನು ಕಟ್ಟಿ 1990ರಲ್ಲಿ ಪರೀಕ್ಷಿಸಿದಾಗ ಅವು ಮೂಲದ ಪೆಪ್ಟೈಡುಗಳಷ್ಟೇ ಸಮರ್ಥವಾಗಿ ಬ್ಯಾಕ್ಟೀರಿಯಾವನ್ನು ಕೊಂದವು. ಲಿಪಿಡ್ ಪದರಕ್ಕೆ ಎಡಬಲಗಳ ಭೇದ ಅಷ್ಟಾಗಿಲ್ಲವಾದ್ದರಿಂದ, ಈ ಪೆಪ್ಟೈಡುಗಳ ಗುರಿ ಪೊರೆಯೇ ಎಂಬುದು ಅಲ್ಲಿಗೆ ಖಚಿತವಾಯಿತು.

ಕಡಲಿನಲ್ಲಿ ಈ ತತ್ತ್ವಕ್ಕೆ ಬೇರೊಂದು ರೂಪವಿದೆ. ಆಫ್ರಿಕದ ಕಪ್ಪೆಯ ಚರ್ಮದಿಂದ 1987ರಲ್ಲಿ ಮಗೈನಿನ್‌ಗಳನ್ನು ಕಂಡುಹಿಡಿದ ಮೈಕೆಲ್ ಜ್ಯಾಸ್ಲಾಫ್, 1993ರಲ್ಲಿ ಡಾಗ್‌ಫಿಶ್ ಎಂಬ ಸಣ್ಣ ಶಾರ್ಕಿನಿಂದ ಸ್ಕ್ವಾಲಮಿನ್ ಎಂಬ ಸಂಯುಕ್ತವನ್ನು ವರದಿ ಮಾಡಿದರು. ಇದು ಪೆಪ್ಟೈಡೇ ಅಲ್ಲ, ಕೊಲೆಸ್ಟರಾಲಿನಂಥ ಚೌಕಟ್ಟಿಗೆ ಧನ ವಿದ್ಯುದಂಶದ ಬಾಲವೊಂದನ್ನು ಜೋಡಿಸಿದ ಅಣು. ಆದರೂ ಅದು ಮಾಡುವುದು ಸೆಕ್ರೋಪಿನ್ ಮಾಡುವ ಆಯ್ಕೆಯನ್ನೇ. ಕೊಳ್ಳೇಗಾಲದ ರೇಷ್ಮೆಹುಳುವೂ ಅಟ್ಲಾಂಟಿಕ್ಕಿನ ಶಾರ್ಕೂ ಬ್ಯಾಕ್ಟೀರಿಯಾದ ಮೈಮೇಲಿನ ಒಂದೇ ಗುರುತನ್ನು ಬೇರೆ ಬೇರೆ ವಸ್ತುಗಳಿಂದ ಓದುತ್ತಿವೆ.

ನೂಲು ಬಿಚ್ಚಿದ ಮೇಲೆ ಉಳಿಯುವ ರಾಶಿ ರಾಶಿ ಗೂಡಿನ ಹುಳುಗಳಿಂದ ಇಂಥ ಔಷಧವನ್ನು ತೆಗೆಯಬಹುದಲ್ಲ ಎಂಬ ಆಸೆ ಸಹಜವಾದರೂ ಅದಕ್ಕೆ ಎಡೆ ಕಡಿಮೆ. ಸೆಕ್ರೋಪಿನ್ ಆರೋಗ್ಯವಂತ ಹುಳುವಿನಲ್ಲಿ ಸಂಗ್ರಹವಾಗಿರುವ ವಸ್ತುವಲ್ಲ, ಸೋಂಕು ತಗುಲಿದ ಮೇಲೆ ಮಾತ್ರ ಬೇಕಾದಷ್ಟು ತಯಾರಾಗುವಂಥದು. ಗೂಡಿನೊಳಗಿನ ಆರೋಗ್ಯವಂತ ಹುಳುವಿನಲ್ಲಿ ಅದನ್ನು ಅರಸುವುದಕ್ಕಿಂತ ಪ್ರಯೋಗಾಲಯದಲ್ಲಿ ಕಟ್ಟಿಕೊಳ್ಳುವುದೇ ಸುಲಭ. ಇದೇ ಹುಳು ಪೊರೆಯನ್ನು ತೂತು ಮಾಡುವ ವಿಷಕ್ಕೆ ಬಲಿಯಾಗುವ ಪ್ರಾಣಿಯೂ ಹೌದು ಎಂಬುದನ್ನು ಇಲ್ಲಿಯೇ ಹೇಳಬೇಕು: ಜಪಾನಿನ ಇಶಿವಾಟಾ 1901ರಲ್ಲಿ ಸಾಯುತ್ತಿದ್ದ ರೇಷ್ಮೆಹುಳುಗಳಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾವೇ ಮುಂದೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಬಿಟಿ. ಅದರ ಪ್ರೋಟೀನ್ ಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ, ಅಲ್ಲಿನ ಕೋಶಗಳ ಮೇಲಿರುವ ನಿರ್ದಿಷ್ಟ ಪ್ರೋಟೀನುಗಳಿಗೆ ಕೂಡಿಕೊಂಡು ರಂಧ್ರ ಕೊರೆಯುತ್ತದೆ. ಆ ಪ್ರೋಟೀನುಗಳಿಲ್ಲದ ಮನುಷ್ಯನ ಕರುಳು ಅದಕ್ಕೆ ಗುರಿಯಾಗುವುದಿಲ್ಲ. ಹಿಪ್ಪುನೇರಳೆ ತೋಟದ ಮಗ್ಗುಲಲ್ಲಿ ಬಿಟಿ ಸಿಂಪಡಿಸಬಾರದೆಂಬ ಎಚ್ಚರಿಕೆಗೆ ಆಧಾರ ಈ ಪೊರೆಯ ರಸಾಯನವೇ.

ಇಷ್ಟರವರೆಗೆ ಹೇಳಿದ ವಸ್ತುಗಳು ಪೊರೆಯನ್ನು ಬಾಗಿಸಿ ಅಥವಾ ತೂರಿ ಕೆಡಿಸುವಂಥವು. ಹಾವಿನ ವಿಷದ ಒಂದು ಮುಖ್ಯ ಅಸ್ತ್ರ ಪೊರೆಯ ಅಣುಗಳನ್ನೇ ಕತ್ತರಿಸುತ್ತದೆ. ಫಾಸ್ಫೋಲೈಪೇಸ್ ಎ2 ಎಂಬ ಈ ಕಿಣ್ವ ಕ್ಯಾಲ್ಸಿಯಂ ಅಯಾನಿನ ನೆರವಿನಿಂದ ಫಾಸ್ಫೋಲಿಪಿಡ್ಡಿನ ಎರಡು ಬಾಲಗಳಲ್ಲಿ ಎರಡನೆಯದನ್ನು ಕಡಿದುಹಾಕುತ್ತದೆ. ಕಡಿದ ಬಾಲ ಕೊಬ್ಬಿನ ಆಮ್ಲವಾಗಿ ಬಿಡುಗಡೆಯಾಗಿ, ಅದು ಅರಾಕಿಡೋನಿಕ್ ಆಮ್ಲವಾಗಿದ್ದರೆ ದೇಹ ಅದರಿಂದ ಪ್ರೋಸ್ಟಾಗ್ಲಾಂಡಿನ್ ಮುಂತಾದ ಉರಿಯೂತದ ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ. ಹಾವು ಕಚ್ಚಿದ ಜಾಗ ಊದಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಉಳಿದ ಒಂಟಿ ಬಾಲದ ಅಣುವಿಗೆ ಲೈಸೋಲಿಪಿಡ್ ಎಂದು ಹೆಸರು. ತಲೆ ದಪ್ಪವಾಗಿ ಬಾಲ ಸಪೂರವಾಗಿರುವ ಈ ಅಣು ಸಮತಟ್ಟಾದ ಪದರದಲ್ಲಿ ಹೊಂದಿಕೊಳ್ಳಲಾರದೆ ಸಾಬೂನಿನಂತೆ ಪೊರೆಯನ್ನು ಸಡಿಲಿಸುತ್ತದೆ. ನಾಗರಹಾವಿನ ವಿಷದಲ್ಲಿ ಇದರ ಜೊತೆಗೆ ಸುಮಾರು 60 ಅಮೈನೋ ಆಮ್ಲಗಳ ಸೈಟೊಟಾಕ್ಸಿನ್ ಎಂಬ, ಪೊರೆಗೆ ನೇರವಾಗಿ ನುಗ್ಗುವ ಪ್ರೋಟೀನೂ ಇರುತ್ತದೆ. ಸೈಟೊಟಾಕ್ಸಿನ್ ಪೊರೆಯನ್ನು ಅಗಲಿಸಿದರೆ ಕಿಣ್ವಕ್ಕೆ ಕತ್ತರಿಸಲು ದಾರಿ ಸಿಗುವುದರಿಂದ ಎರಡೂ ಕೂಡಿದಾಗಿನ ಹಾನಿ ಬಿಡಿಬಿಡಿಯಾದ ಹಾನಿಗಳ ಮೊತ್ತಕ್ಕಿಂತ ಹೆಚ್ಚು. ಜೇನುನೊಣದಲ್ಲಿ ಮೆಲಿಟಿನ್ ಮತ್ತು ಫಾಸ್ಫೋಲೈಪೇಸ್ ಮಾಡಿಕೊಂಡಿರುವ ಜೋಡಿ ಇದೇ ತೆರನಾದದ್ದು. ಕಟ್ಟುಹಾವಿನಲ್ಲಿ ಕಿಣ್ವದ ಅಣುವಿಗೆ ನರದ ತುದಿಯನ್ನು ಗುರುತಿಸುವ ಇನ್ನೊಂದು ಪ್ರೋಟೀನ್ ಜೋಡಿಯಾಗಿ, ನರದ ಸಂದೇಶ ಹೊರಡುವ ತುದಿಯ ಪೊರೆಯೇ ನಾಶವಾಗುತ್ತದೆ. ಆ ತುದಿಗಳು ಮತ್ತೆ ಬೆಳೆಯಬೇಕಾಗಿರುವುದರಿಂದ ಪ್ರತಿವಿಷ ಕೊಟ್ಟ ಮೇಲೂ ರೋಗಿಗೆ ದಿನಗಟ್ಟಲೆ ಕೃತಕ ಉಸಿರಾಟ ಬೇಕಾಗಬಹುದು.

ಈ ಕಿಣ್ವದ ಅಧ್ಯಯನದಲ್ಲಿ ಮೈಸೂರಿಗೆ ವಿಶೇಷ ಸ್ಥಾನವಿದೆ. ಮಾನಸಗಂಗೋತ್ರಿಯ ಜೀವರಸಾಯನ ಅಧ್ಯಯನ ವಿಭಾಗದಲ್ಲಿ ಟಿ. ವೀರಬಸಪ್ಪ ಗೌಡ ಮತ್ತು ಅವರ ಶಿಷ್ಯವರ್ಗ ನಾಗರಹಾವು ಹಾಗೂ ಕೊಳಕುಮಂಡಲದ ವಿಷಗಳಿಂದ ಹಲವು ಫಾಸ್ಫೋಲೈಪೇಸುಗಳನ್ನು ಬೇರ್ಪಡಿಸಿ, ಒಂದೇ ಹಾವಿನ ವಿಷದಲ್ಲಿಯೂ ಇವು ಒಂದಲ್ಲ, ಬೇರೆ ಬೇರೆ ಗುಣಗಳ ಒಂದು ಸಮೂಹ ಎಂಬುದನ್ನು ತೋರಿಸಿಕೊಟ್ಟರು. ಅದೇ ವಿಭಾಗದ ಕೆ. ಕೆಂಪರಾಜು ಅವರು ವಿಷವನ್ನು ಅಂಗಾಂಶದಲ್ಲಿ ಹರಡಿಸುವ ಹಯಲುರೋನಿಡೇಸ್ ಕಿಣ್ವದ ಕಡೆಗೆ ಗಮನ ಸೆಳೆದರು. ಬಿ. ಎಸ್. ವಿಶ್ವನಾಥ್ ಮತ್ತು ಗೌಡರು 1987ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಾಟಿವೈದ್ಯಕ್ಕೆ ನೇರವಾಗಿ ಸಂಬಂಧಿಸಿದ್ದು. ಹಾವಿನ ವಿಷಕ್ಕೆ ಮದ್ದೆಂದು ಹೆಸರಾದ ಈಶ್ವರಿ ಬೇರಿನ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಕೊಳಕುಮಂಡಲದ ಫಾಸ್ಫೋಲೈಪೇಸಿಗೆ ಕೂಡಿಕೊಂಡು ಅದರ ಕತ್ತರಿಸುವ ಕ್ರಿಯೆಯನ್ನೂ ಅದರಿಂದಾಗುವ ಊತವನ್ನೂ ತಗ್ಗಿಸುತ್ತದೆ ಎಂದು ಅವರು ತೋರಿಸಿದರು. ನಾಟಿವೈದ್ಯರ ನಂಬಿಕೆಗೆ ಒಂದು ರಾಸಾಯನಿಕ ಆಧಾರವಿತ್ತೆಂಬುದು ಇದರಿಂದ ಸ್ಪಷ್ಟ. ಆದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಆಮ್ಲ ಮೂತ್ರಪಿಂಡವನ್ನು ಶಾಶ್ವತವಾಗಿ ಹಾಳುಮಾಡುತ್ತದೆಂಬುದೂ ಮೂತ್ರನಾಳದ ಕ್ಯಾನ್ಸರಿಗೆ ಕಾರಣವಾಗುತ್ತದೆಂಬುದೂ ಆ ಬಳಿಕ ಬೇರೆ ದೇಶಗಳ ಅನುಭವದಿಂದ ದೃಢಪಟ್ಟಿದ್ದು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕೊಳಕುಮಂಡಲದ ವಿಷ ಮೊದಲೇ ಮೂತ್ರಪಿಂಡವನ್ನು ಕೆಡಿಸುವಂಥದು. ಕಚ್ಚಿಸಿಕೊಂಡವನಿಗೆ ಈಶ್ವರಿ ಬೇರನ್ನು ಅರೆದು ಕುಡಿಸುವುದರಿಂದ ಆಸ್ಪತ್ರೆಗೆ ಹೋಗುವ ಹೊತ್ತು ಮೀರುವುದಲ್ಲದೆ ಆ ಅಂಗಕ್ಕೇ ಎರಡನೆಯ ಪೆಟ್ಟೂ ಬೀಳುತ್ತದೆ. ನಾಟಿಜ್ಞಾನವನ್ನು ಗೌರವಿಸುವವರು ಈ ಮಾತನ್ನು ಮರೆಮಾಡದೆ ಹೇಳಬೇಕಾಗಿದೆ.

ಇದೇ ಕಿಣ್ವವನ್ನು ತಡೆಯುವ ವಸ್ತುವೊಂದು ಕಡಲಿನಿಂದಲೂ ಬಂದಿತು. 1980ರಲ್ಲಿ ಡಿ ಸಿಲ್ವ ಮತ್ತು ಶೋಯರ್ ಅವರು ಲುಫಾರಿಯೆಲ್ಲ ಎಂಬ ಸ್ಪಂಜುಪ್ರಾಣಿಯಿಂದ ಬೇರ್ಪಡಿಸಿದ ಮನೊಲೈಡ್, ಜೇನುನೊಣ ಮತ್ತು ನಾಗರಹಾವುಗಳ ಫಾಸ್ಫೋಲೈಪೇಸನ್ನು ಅದರ ಲೈಸಿನ್ ಎಂಬ ಅಮೈನೋ ಆಮ್ಲಗಳಿಗೆ ಬಿಡದಂತೆ ಅಂಟಿಕೊಂಡು ನಿಷ್ಕ್ರಿಯಗೊಳಿಸುತ್ತದೆ. ಉರಿಯೂತಕ್ಕೆ ಔಷಧವಾದೀತೆಂಬ ನಿರೀಕ್ಷೆ ಕೈಗೂಡಲಿಲ್ಲವಾದರೂ ಕಿಣ್ವದ ವರ್ತನೆಯನ್ನು ತಿಳಿಯಲು ಅದು ಪ್ರಯೋಗಾಲಯಗಳಲ್ಲಿ ಬಹಳ ನೆರವಾಯಿತು. ಹಾವು ಕಚ್ಚಿದ ಹಳ್ಳಿಯಲ್ಲಿಯೇ ನುಂಗಬಹುದಾದ, ಫಾಸ್ಫೋಲೈಪೇಸನ್ನು ತಡೆದು ಆಸ್ಪತ್ರೆ ತಲುಪುವವರೆಗೆ ಕಾಲವನ್ನು ಗಳಿಸಿಕೊಡುವ ಮಾತ್ರೆ ಎಂಬ ಕಲ್ಪನೆ ಈಗ ವಾರೆಸ್ಪ್ಲಾಡಿಬ್ ಎಂಬ ಕೃತಕ ಸಂಯುಕ್ತದ ಸುತ್ತ ಬೆಳೆದಿದೆ. ಭಾರತ ಮತ್ತು ಅಮೆರಿಕಗಳ ಆಸ್ಪತ್ರೆಗಳಲ್ಲಿ ನಡೆದ ಅದರ ಎರಡನೆಯ ಹಂತದ ಪರೀಕ್ಷೆ ತಾನು ಇಟ್ಟುಕೊಂಡಿದ್ದ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ವಿಷದಲ್ಲಿರುವುದು ಒಂದೇ ಅಸ್ತ್ರವಲ್ಲ, ಅದರಲ್ಲೊಂದನ್ನು ತಡೆದ ಮಾತ್ರಕ್ಕೆ ಉಳಿದವು ಸುಮ್ಮನಿರುವುದಿಲ್ಲ ಎಂಬುದನ್ನು ನೆನೆದರೆ ಈ ಫಲಿತಾಂಶ ಅಚ್ಚರಿಯದಲ್ಲ, ಆ ದಾರಿಯನ್ನು ಕೈಬಿಡಲು ಕಾರಣವೂ ಅಲ್ಲ.

ಹಾವು ತನ್ನ ವಿಷದಿಂದ ತಾನೇ ಸಾಯದಿರುವ ಬಗೆಯೂ ಇಲ್ಲಿ ಪ್ರಸ್ತುತ. ವಿಷದ ಗ್ರಂಥಿಯಲ್ಲಿ ಸಿಟ್ರೇಟ್ ಹೇರಳವಾಗಿದ್ದು ಅದು ಕಿಣ್ವಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡಿರುತ್ತದೆ; ಅದರ ಜೊತೆಗೆ ಹಲವು ಹಾವುಗಳ ರಕ್ತದಲ್ಲಿ ಫಾಸ್ಫೋಲೈಪೇಸನ್ನು ತಡೆಯುವ ಪ್ರೋಟೀನುಗಳಿವೆ.

ಪೊರೆಯನ್ನು ಕೆಡಿಸದೆ, ಅದರಲ್ಲಿ ಹುದುಗಿರುವ ಅಯಾನು ನಾಲೆಗಳನ್ನು, ಎಂದರೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳು ಹಾಯುವ ಪ್ರೋಟೀನ್ ದ್ವಾರಗಳನ್ನು ಮಾತ್ರ ಮುಟ್ಟುವ ಸಂಯುಕ್ತಗಳದು ಬೇರೆಯೇ ಅಧ್ಯಾಯವಾದ್ದರಿಂದ ಅವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಬುಗ್ಗೆಮೀನಿನ ಟೆಟ್ರೊಡೊಟಾಕ್ಸಿನ್ ನರದ ಸೋಡಿಯಂ ನಾಲೆಯನ್ನು ಹೊರಗಿನಿಂದ ಮುಚ್ಚುತ್ತದೆ. ಕೋನ್ ಎಂಬ ಕಡಲ ಬಸವನಹುಳುವಿನ 25 ಅಮೈನೋ ಆಮ್ಲಗಳ ಪೆಪ್ಟೈಡೊಂದು ಕ್ಯಾಲ್ಸಿಯಂ ನಾಲೆಯೊಂದನ್ನು ತಡೆಯುತ್ತದೆ, ಅದರ ಕೃತಕ ರೂಪವಾದ ಜಿಕೊನೊಟೈಡ್ ತೀವ್ರ ನೋವಿಗೆ ಔಷಧವಾಗಿ 2004ರಲ್ಲಿ ಅಮೆರಿಕದಲ್ಲಿ ಅಂಗೀಕಾರ ಪಡೆಯಿತು. ಭಾರತದ ಕೋನ್ ಹುಳುಗಳ ಪೆಪ್ಟೈಡುಗಳನ್ನು ಕೆ. ಎಸ್. ಕೃಷ್ಣನ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಅವರು ಅಧ್ಯಯನ ಮಾಡಿದ್ದಾರೆ. ದಕ್ಷಿಣ ಭಾರತದ ಒಣಭೂಮಿಯ ಕೆಂಪುಚೇಳಿನಿಂದ 1990ರಲ್ಲಿ ಬೇರ್ಪಟ್ಟ ಐಬೀರಿಯೊಟಾಕ್ಸಿನ್ ಒಂದು ಬಗೆಯ ಪೊಟ್ಯಾಸಿಯಂ ನಾಲೆಯನ್ನು ಮಾತ್ರ ಮುಚ್ಚುವುದರಿಂದ ಲೋಕದ ಪ್ರಯೋಗಾಲಯಗಳಲ್ಲೆಲ್ಲ ಬಳಕೆಯಲ್ಲಿದೆ. ಇವೆಲ್ಲಕ್ಕಿಂತ ವಿಲಕ್ಷಣವಾದದ್ದು, ಹವಾಯಿಯ ಹವಳದ ಬಂಧುವಾದ ಪ್ಯಾಲಿಥೋವಾದಿಂದ 1971ರಲ್ಲಿ ವರದಿಯಾದ ಪ್ಯಾಲಿಟಾಕ್ಸಿನ್: ಪ್ರಾಣಿಕೋಶಗಳಲ್ಲಿ ಸೋಡಿಯಮ್ಮನ್ನು ಹೊರಕ್ಕೂ ಪೊಟ್ಯಾಸಿಯಮ್ಮನ್ನು ಒಳಕ್ಕೂ ಸಾಗಿಸುವ ಪಂಪನ್ನು ಅದು ಮುಚ್ಚುವುದೂ ಇಲ್ಲ, ಮುರಿಯುವುದೂ ಇಲ್ಲ, ಎರಡೂ ಕಡೆ ಬಾಗಿಲು ತೆರೆದಿರುವ ನಾಲೆಯಾಗಿ ಮಾರ್ಪಡಿಸಿಬಿಡುತ್ತದೆ.

ಇಷ್ಟು ಅರಿವು ಕೂಡಿಬಂದರೂ ಪೊರೆಯ ಮೇಲೆ ನೇರವಾಗಿ ಕೆಲಸ ಮಾಡುವ ಪ್ರಾಣಿಜನ್ಯ ಸಂಯುಕ್ತಗಳಲ್ಲಿ ಔಷಧಿಯಂಗಡಿಯನ್ನು ತಲುಪಿದವು ವಿರಳ. ಮಗೈನಿನ್ನಿನಿಂದ ರೂಪಿಸಿದ ಪೆಕ್ಸಿಗನಾನ್ ಮುಲಾಮಿಗೆ 1999ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಡಲಿಲ್ಲ. ಅಂಗಡಿ ತಲುಪಿದವು ಹೀಗೆ ವಿರಳವಾಗಿರುವುದಕ್ಕೆ ಒಂದು ಕಾರಣ ಪರೀಕ್ಷೆಯ ಕ್ರಮದಲ್ಲಿಯೇ ಇದೆ. ಬ್ಯಾಕ್ಟೀರಿಯಾ ಸಾಯುತ್ತದೆಯೇ, ರಕ್ತಕಣ ಒಡೆಯುತ್ತದೆಯೇ ಎಂಬ ಎರಡು ಪರೀಕ್ಷೆಗಳನ್ನು ಬೇರೆ ಬೇರೆ ಪಾತ್ರೆಗಳಲ್ಲಿ ನಡೆಸಿ ಆಯ್ಕೆಯ ಶಕ್ತಿಯನ್ನು ಲೆಕ್ಕಹಾಕುವುದು ವಾಡಿಕೆ. ಆದರೆ ದೇಹದಲ್ಲಿ ಎರಡು ಬಗೆಯ ಕೋಶಗಳೂ ಒಟ್ಟಿಗಿರುತ್ತವೆ, ಪೆಪ್ಟೈಡನ್ನು ಹೀರಿಕೊಳ್ಳುವ ರಕ್ತದ ಪ್ರೋಟೀನುಗಳೂ ಅದನ್ನು ಕತ್ತರಿಸುವ ಕಿಣ್ವಗಳೂ ನಡುವೆ ಇರುತ್ತವೆ. ಎಷ್ಟೋ ಲೇಖನಗಳಲ್ಲಿ ಭರವಸೆಯ ಸಂಯುಕ್ತ ಎಂದು ಬಣ್ಣಿಸಿದ್ದೆಲ್ಲ ಪಾತ್ರೆಯ ಒಳಗಿನ ಭರವಸೆ ಮಾತ್ರ. ವಸ್ತುವಿನ ಪೂರೈಕೆ ಇನ್ನೊಂದು ಮಿತಿ: ಕಡಲಸೌತೆಗಳನ್ನು ಹಿಡಿಯುವುದನ್ನು ಭಾರತ 2001ರಿಂದ ವನ್ಯಜೀವಿ ಕಾಯ್ದೆಯಡಿ ನಿಷೇಧಿಸಿದೆ, ಮತ್ತು ಅದು ಸರಿಯಾದ ನಿರ್ಧಾರ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅರಣ್ಯಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ಮನ್ನಣೆಯಾಗಿರುವುದರಿಂದ, ಅಲ್ಲಿನ ಜೇನು, ಕಾಯಿ, ಬೇರುಗಳನ್ನು ಕುರಿತು ಮುಂದೆ ನಡೆಯುವ ಯಾವ ಸಂಶೋಧನೆಯೂ ಅವರ ಒಪ್ಪಿಗೆ ಮತ್ತು ಪಾಲುದಾರಿಕೆಗಳಿಲ್ಲದೆ ನಡೆಯತಕ್ಕದ್ದಲ್ಲ.

ಈ ಮೂರು ತಾಲ್ಲೂಕುಗಳ ಮಟ್ಟಿಗೆ ಪೊರೆಯ ಪ್ರಶ್ನೆ ಜೀವನ್ಮರಣದ್ದಾಗುವುದು ಹಾವಿನ ವಿಷಯದಲ್ಲಿ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆಂದು ರಾಷ್ಟ್ರವ್ಯಾಪಿ ಮರಣ ಸಮೀಕ್ಷೆಯೊಂದು ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದರಿಂದ ನಿಜವಾದ ಲೆಕ್ಕ ಇನ್ನು ಮುಂದೆಯಾದರೂ ಸಿಗುವಂತಾಗಿದೆ. ಪ್ರತಿವಿಷದ ತಯಾರಿಕೆಗೆ ಬೇಕಾದ ವಿಷದ ಬಹುಪಾಲು ದೀರ್ಘಕಾಲದಿಂದ ಬರುತ್ತಿರುವುದು ತಮಿಳುನಾಡಿನಲ್ಲಿ 1978ರಲ್ಲಿ ಸ್ಥಾಪನೆಯಾದ ಇರುಳ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಆದರೆ ಕೊಳಕುಮಂಡಲದ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ, ಅದರ ಫಾಸ್ಫೋಲೈಪೇಸುಗಳ ಬಗೆಯೂ ಪ್ರಮಾಣವೂ ಒಂದೇ ಸಮನಾಗಿಲ್ಲ ಎಂಬುದನ್ನು ದಕ್ಷಿಣ, ಪಶ್ಚಿಮ ಮತ್ತು ಉತ್ತರ ಭಾರತದ ಮಾದರಿಗಳನ್ನು ಹೋಲಿಸಿ ಗೌಡರ ತಂಡ 1999ರಷ್ಟು ಹಿಂದೆಯೇ ಪ್ರಕಟಿಸಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ಈಗ ಅದನ್ನು ಇನ್ನಷ್ಟು ವಿಸ್ತಾರವಾಗಿ ದಾಖಲಿಸುತ್ತಿದೆ. ಕಾವೇರಿ ಬಯಲಿನ ಕಬ್ಬು, ಭತ್ತದ ಗದ್ದೆಗಳಿಂದ ಹಿಡಿದು ಮಲೆ ಮಹದೇಶ್ವರ ಬೆಟ್ಟದ ಕುರುಚಲು ಕಾಡಿನವರೆಗೆ ಬೇರೆ ಬೇರೆ ನೆಲೆಗಳಿರುವ ಕೊಳ್ಳೇಗಾಲ, ಹನೂರು, ಯಳಂದೂರುಗಳ ಹಾವುಗಳ ವಿಷವನ್ನು ಪ್ರತ್ಯೇಕವಾಗಿ ಸಂಗ್ರಹಿಸಿ, ಈಗಿನ ಪ್ರತಿವಿಷ ಅವುಗಳ ಫಾಸ್ಫೋಲೈಪೇಸನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂದು ಅಳೆಯುವ ಕೆಲಸಕ್ಕೆ ಬೇಕಾದ ವಿಧಾನಗಳೂ ಪರಿಣತರೂ ಮೈಸೂರು ಮತ್ತು ಬೆಂಗಳೂರುಗಳಲ್ಲಿಯೇ ಇದ್ದಾರೆ.